ವಿದೇಶದಲ್ಲಿ ತಲೆಮರೆಸಿಕೊಂಡವರು ಮತ್ತು ಜನಪ್ರಾತಿನಿಧ್ಯ



2016ರ ಏಪ್ರಿಲ್ 20ರಂದು ಹೈದರಾಬಾದ್ ನಗರದ ವಿಶೇಷ ದಂಡಾಧಿಕಾರಿಗಳ ನ್ಯಾಯಾಲಯವೊಂದು ಚೆಕ್ ಪ್ರಕರಣವೊಂದರಲ್ಲಿ ತನ್ನ ನಿರ್ಣಯವನ್ನು ಪ್ರಕಟಿಸಿತು. ಶಂಷಾಬಾದಿನ ವಿಮಾನ ನಿಲ್ದಾಣವನ್ನು ನಡೆಸುವ ಸಂಸ್ಥೆಗೆ ಕಿಂಗ್‌ಫಿಷರ್ ಏರ್‌ಲೈನ್ಸ್ ಕಂಪನಿಯು ನೀಡಿದ್ದ ಚೆಕ್ಕುಗಳು ಬ್ಯಾಂಕಿನಿಂದ ಅಮಾನ್ಯವಾಗಿ ಹಿಂದಿರುಗಿದ್ದವು. ಕಂಪನಿಯ ಅಧ್ಯಕ್ಷರಾಗಿದ್ದ ವಿಜಯ್ ಮಲ್ಯ ಅವರು ತಪ್ಪಿತಸ್ಥರೆಂದು ನ್ಯಾಯಾಲಯವು ತೀರ್ಮಾನಿಸಿತು. ಆದರೆ ಶಿಕ್ಷೆಯ ಪ್ರಮಾಣವನ್ನು ಅಂದು ಹೇಳಲಾಗಲಿಲ್ಲ. ಶಿಕ್ಷೆಯನ್ನು ಕೇಳಬೇಕಾದವರು ಕಟಕಟೆಯಲ್ಲಿರಲಿಲ್ಲ. ಅವರು ಮಾರ್ಚ್ 2ರಂದೇ ಭಾರತವನ್ನು ಬಿಟ್ಟು ಬ್ರಿಟನ್ನಿಗೆ ತೆರಳಿದ್ದರು. ಪ್ರಕರಣವು ಮುಂದಿನ ದಿನಾಂಕಕ್ಕೆ ಹೋಯಿತು.

ಆ ದಿನ ವಿಜಯ್ ಮಲ್ಯ ಅವರು ಕೇವಲ ಉದ್ಯಮಿಯಾಗಿರಲಿಲ್ಲ. ಕರ್ನಾಟಕದ ವಿಧಾನಸಭಾ ಸದಸ್ಯರಿಂದ 2002ರಲ್ಲಿ ಒಮ್ಮೆ, 2010ರಲ್ಲಿ ಮತ್ತೊಮ್ಮೆ ಚುನಾಯಿತರಾದ ರಾಜ್ಯಸಭಾ ಸದಸ್ಯರೂ ಆಗಿದ್ದರು. ಒಂದು ನ್ಯಾಯಾಲಯ ತಪ್ಪಿತಸ್ಥರೆಂದು ಕಂಡ ವ್ಯಕ್ತಿ, ಕಾನೂನಿನ ಕೈಗೆ ಸಿಗದಷ್ಟು ದೂರದಲ್ಲಿದ್ದುಕೊಂಡು, ಕನ್ನಡ ನಾಡಿನ ಪ್ರತಿನಿಧಿಯಾಗಿ ಸಂಸತ್ತಿನ ದಾಖಲೆಯಲ್ಲಿ ಉಳಿದಿದ್ದರು. ಇದು ಹೇಗೆ ಸಾಧ್ಯ ಎಂದು ಅಂದು ಅನೇಕರು ಕೇಳಿದರು. ಆ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ. ವಿದೇಶದಲ್ಲಿ ತಲೆಮರೆಸಿಕೊಂಡಿರುವ ವ್ಯಕ್ತಿಯೊಬ್ಬರು ಭಾರತದಲ್ಲಿ ಚುನಾವಣೆಗೆ ನಿಲ್ಲಬಹುದೇ? ಗೆದ್ದರೆ ಸ್ಥಾನವನ್ನು ಅಲಂಕರಿಸಬಹುದೇ? ಈಗಾಗಲೇ ಸದಸ್ಯರಾಗಿದ್ದರೆ ಆ ಸ್ಥಾನವನ್ನು ಉಳಿಸಿಕೊಳ್ಳಬಹುದೇ? ಈ ಮೂರು ಪ್ರಶ್ನೆಗಳಿಗೆ ಕಾನೂನು ಮೂರು ಬೇರೆ ಬೇರೆ ಉತ್ತರಗಳನ್ನು ಕೊಡುತ್ತದೆ. ಅವುಗಳನ್ನು ಬಿಡಿಬಿಡಿಯಾಗಿ ಪರಿಶೀಲಿಸುವುದು ಈ ಭಾಷಣದ ಉದ್ದೇಶ.

ಮೊದಲನೆಯದು ಸ್ಪರ್ಧೆಯ ಪ್ರಶ್ನೆ. ಸಂಸತ್ತಿನ ಸದಸ್ಯನಾಗಲು ಬೇಕಾದ ಅರ್ಹತೆಗಳನ್ನು ಸಂವಿಧಾನದ 84ನೆಯ ಅನುಚ್ಛೇದವು ಹೇಳುತ್ತದೆ. ಅಭ್ಯರ್ಥಿಯು ಭಾರತದ ಪೌರನಾಗಿರಬೇಕು. ಲೋಕಸಭೆಗೆ 25 ವರ್ಷ, ರಾಜ್ಯಸಭೆಗೆ 30 ವರ್ಷ ತುಂಬಿರಬೇಕು. ಸಂವಿಧಾನಕ್ಕೆ ನಿಷ್ಠನಾಗಿರುವೆನೆಂದು ಪ್ರಮಾಣವಚನವನ್ನು ಅಥವಾ ಪ್ರತಿಜ್ಞಾವಚನವನ್ನು ಸ್ವೀಕರಿಸಿರಬೇಕು. ಅನರ್ಹತೆಗಳನ್ನು 102ನೆಯ ಅನುಚ್ಛೇದ ಮತ್ತು 1951ರ ಪ್ರಜಾ ಪ್ರಾತಿನಿಧ್ಯ ಅಧಿನಿಯಮಗಳು ಪಟ್ಟಿ ಮಾಡಿವೆ. ಈ ಪಟ್ಟಿಗಳನ್ನು ಎಷ್ಟು ಸಲ ಓದಿದರೂ, ವಾರಂಟ್ ಹೊರಟಿದೆ ಎಂಬ ಕಾರಣಕ್ಕಾಗಲಿ, ತಲೆಮರೆಸಿಕೊಂಡಿದ್ದಾನೆ ಎಂಬ ಕಾರಣಕ್ಕಾಗಲಿ ಯಾರನ್ನೂ ಅನರ್ಹಗೊಳಿಸುವ ಮಾತು ಅಲ್ಲಿ ಸಿಗುವುದಿಲ್ಲ.

ಇದನ್ನು ಕಾನೂನಿನ ಮರೆವು ಎಂದು ಭಾವಿಸಬಾರದು. ಆರೋಪ ಹೊರಿಸುವುದು ಆ ಕಾಲದ ಸರ್ಕಾರದ ಕೈಯಲ್ಲಿರುತ್ತದೆ. ಅಪರಾಧವನ್ನು ನಿರ್ಣಯಿಸುವುದು ನ್ಯಾಯಾಲಯದ ಕೈಯಲ್ಲಿರುತ್ತದೆ. ಕೇವಲ ಆರೋಪದಿಂದಲೇ ಸ್ಪರ್ಧೆಯ ಹಕ್ಕು ಹೋಗುವಂತಿದ್ದರೆ, ಅಧಿಕಾರದಲ್ಲಿದ್ದವರು ತಮಗೆ ಆಗದವರ ಮೇಲೆ ಒಂದೊಂದು ವಾರಂಟ್ ಹೊರಡಿಸಿ ಚುನಾವಣೆಯ ಕಣವನ್ನು ಬರಿದು ಮಾಡಬಹುದಾಗಿತ್ತು.

ಈ ಎಚ್ಚರಿಕೆಯ ಬೆಲೆಯನ್ನು ಹೈದರಾಬಾದಿನ ಜನರಿಗೆ ವಿವರಿಸಬೇಕಾಗಿಲ್ಲ. 1947–48ರಲ್ಲಿ ನಿಜಾಮರ ಸಂಸ್ಥಾನದಲ್ಲಿ ವಿಮೋಚನಾ ಹೋರಾಟ ನಡೆದಾಗ, ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಅನೇಕ ಕನ್ನಡಿಗರು ಸಂಸ್ಥಾನದ ಗಡಿಯನ್ನು ದಾಟಿ ಹೊರಗಿನ ಶಿಬಿರಗಳಿಂದ ಹೋರಾಡಿದರು. ಮುಂಡರಗಿಯ ಶಿಬಿರವನ್ನು ಮುನ್ನಡೆಸಿದವರು ಅಳವಂಡಿಯ ಶಿವಮೂರ್ತಿ ಸ್ವಾಮಿಗಳು. ನಿಜಾಮರ ಆಡಳಿತದ ದೃಷ್ಟಿಯಲ್ಲಿ ಇಂಥವರು ಗಡಿಯಾಚೆ ಅಡಗಿದ ಅಪರಾಧಿಗಳು. ಜನರ ದೃಷ್ಟಿಯಲ್ಲಿ ನಾಯಕರು. 1952ರ ಪ್ರಥಮ ಮಹಾಚುನಾವಣೆಯಲ್ಲಿ ಶಿವಮೂರ್ತಿ ಸ್ವಾಮಿಗಳು ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ಚುನಾಯಿತರಾದರು.

ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರ ಉದಾಹರಣೆಯೂ ಇಲ್ಲಿ ಸ್ಮರಣೀಯ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಅವರು ಭೂಗತರಾದರು. 1976ರ ಜೂನ್‌ನಲ್ಲಿ ಕಲ್ಕತ್ತದಲ್ಲಿ ಬಂಧಿತರಾದರು. 1977ರಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಿಂದ ಸ್ಪರ್ಧಿಸಿ ಭಾರಿ ಬಹುಮತದಿಂದ ಗೆದ್ದು, ಕೇಂದ್ರದಲ್ಲಿ ಸಚಿವರಾದರು. ಸೆರೆಮನೆಯಲ್ಲಿರುವವರು ಮತ ಹಾಕಲಾರರು, ಆದ್ದರಿಂದ ಸ್ಪರ್ಧಿಸಲೂ ಬಾರದು ಎಂಬ ತೀರ್ಪು 2013ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಬಂದಿತಾದರೂ, ಸಂಸತ್ತು ಅದೇ ವರ್ಷ ಕಾನೂನಿಗೆ ತಿದ್ದುಪಡಿ ತಂದು ಸ್ಪರ್ಧೆಯ ಹಕ್ಕನ್ನು ಉಳಿಸಿತು.

ಹಾಗಾದರೆ ಕಡಲಾಚೆ ಇರುವ ವ್ಯಕ್ತಿ ನಾಮಪತ್ರ ಸಲ್ಲಿಸುವುದು ಹೇಗೆ? ಸ್ಪರ್ಧಿಸುವವರ ಹೆಸರು ಮತದಾರರ ಪಟ್ಟಿಯಲ್ಲಿರಬೇಕು. ತಾತ್ಕಾಲಿಕವಾಗಿ ಊರಿನಲ್ಲಿಲ್ಲ ಎಂಬ ಮಾತ್ರಕ್ಕೆ ಯಾರ ಹೆಸರೂ ಪಟ್ಟಿಯಿಂದ ಹೋಗುವುದಿಲ್ಲ. ವಿದೇಶದಲ್ಲಿ ನೆಲೆಸಿರುವ ಭಾರತೀಯ ಪೌರರು, ಬೇರೆ ದೇಶದ ಪೌರತ್ವವನ್ನು ಪಡೆಯದಿದ್ದಲ್ಲಿ, ತಮ್ಮ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಹೆಸರು ಸೇರಿಸಿಕೊಳ್ಳಲು 2010ರ ತಿದ್ದುಪಡಿಯು ಅವಕಾಶ ಮಾಡಿಕೊಟ್ಟಿದೆ. ನಾಮಪತ್ರಕ್ಕೆ ಅಭ್ಯರ್ಥಿಯ ಸಹಿ ಇರಬೇಕು, ಆದರೆ ಅದನ್ನು ಚುನಾವಣಾಧಿಕಾರಿಗೆ ಅಭ್ಯರ್ಥಿಯೇ ಒಪ್ಪಿಸಬೇಕೆಂಬ ನಿಯಮವಿಲ್ಲ. ಸೂಚಕರೂ ಒಪ್ಪಿಸಬಹುದು. ಇಲ್ಲಿಯವರೆಗೆ ದಾರಿ ಸುಗಮವಾಗಿಯೇ ಇದೆ.

ಮುಂದಿನ ಹೆಜ್ಜೆಯೇ ಪರೀಕ್ಷೆಯದು. ನಾಮಪತ್ರ ಸಲ್ಲಿಸಿದ ನಂತರ, ಪರಿಶೀಲನೆಯ ದಿನಕ್ಕಿಂತ ಮೊದಲು, ಅಭ್ಯರ್ಥಿಯು ಸಂವಿಧಾನನಿಷ್ಠೆಯ ಪ್ರಮಾಣವಚನವನ್ನು ಸ್ವತಃ ಸ್ವೀಕರಿಸಬೇಕು. ಇದಕ್ಕೆ ಪ್ರತಿನಿಧಿಯನ್ನು ಕಳುಹಿಸುವಂತಿಲ್ಲ. ಸೆರೆಮನೆಯಲ್ಲಿದ್ದರೆ ಅಲ್ಲಿನ ಅಧೀಕ್ಷಕರ ಮುಂದೆ, ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದರೆ ವೈದ್ಯಾಧಿಕಾರಿಯ ಮುಂದೆ, ಭಾರತದ ಹೊರಗಿದ್ದರೆ ಆ ದೇಶದಲ್ಲಿರುವ ಭಾರತದ ರಾಜತಾಂತ್ರಿಕ ಅಥವಾ ಕಾನ್ಸುಲರ್ ಅಧಿಕಾರಿಯ ಮುಂದೆ ಇದನ್ನು ಸ್ವೀಕರಿಸಲು ಚುನಾವಣಾ ಆಯೋಗವು ಏರ್ಪಾಡು ಮಾಡಿದೆ. ಅಂದರೆ, ಯಾವ ದೇಶದ ನ್ಯಾಯಾಲಯಗಳಿಂದ ದೂರ ಓಡಿದರೋ ಅದೇ ದೇಶದ ಬಾವುಟ ಹಾರುವ ಕಚೇರಿಯೊಳಗೆ ಕಾಲಿಟ್ಟು, ಅದರ ಸಂವಿಧಾನಕ್ಕೆ ನಿಷ್ಠನಾಗಿರುವೆನೆಂದು ಅದರ ಅಧಿಕಾರಿಯ ಎದುರಿನಲ್ಲಿ ನುಡಿಯಬೇಕು. ಜೊತೆಗೆ ತನ್ನ ಮೇಲಿರುವ ಕ್ರಿಮಿನಲ್ ಪ್ರಕರಣಗಳು, ಆಸ್ತಿ ಮತ್ತು ಸಾಲಗಳ ವಿವರಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸಬೇಕು. ಕಾನೂನು ಬಾಗಿಲನ್ನು ಮುಚ್ಚಿಲ್ಲ, ಆದರೆ ಹೊಸ್ತಿಲಲ್ಲಿ ಸ್ವತಃ ನಿಲ್ಲಬೇಕೆಂದು ಹೇಳುತ್ತದೆ.

ಎರಡನೆಯದು ಗೆದ್ದ ನಂತರದ ಪ್ರಶ್ನೆ. ಇಲ್ಲಿ ಕಾನೂನಿನ ಧ್ವನಿ ಗಡುಸಾಗುತ್ತದೆ. ಸಂವಿಧಾನದ 99ನೆಯ ಅನುಚ್ಛೇದದ ಮೇರೆಗೆ, ಚುನಾಯಿತರಾದವರು ಸದನದಲ್ಲಿ ಆಸೀನರಾಗುವ ಮುನ್ನ ರಾಷ್ಟ್ರಪತಿಯವರ ಅಥವಾ ಅವರು ನೇಮಿಸಿದವರ ಮುಂದೆ ಮತ್ತೊಮ್ಮೆ ಪ್ರಮಾಣವಚನ ಸ್ವೀಕರಿಸಬೇಕು. ಅದಿಲ್ಲದೆ ಆಸೀನರಾದರೆ ದಿನವೊಂದಕ್ಕೆ 500 ರೂಪಾಯಿ ದಂಡವನ್ನು 104ನೆಯ ಅನುಚ್ಛೇದವು ವಿಧಿಸುತ್ತದೆ. ಸಚಿವರಾಗುವವರೂ ಅಧಿಕಾರ ವಹಿಸಿಕೊಳ್ಳುವ ಮುನ್ನ ರಾಷ್ಟ್ರಪತಿಯವರಿಂದಲೇ ಪ್ರಮಾಣವಚನ ಪಡೆಯಬೇಕು. ಸದನದ ಅನುಮತಿಯಿಲ್ಲದೆ 60 ದಿನಗಳ ಕಾಲ ಸಭೆಗಳಿಗೆ ಗೈರುಹಾಜರಾದರೆ, ಆ ಸ್ಥಾನವು ತೆರವಾಗಿದೆಯೆಂದು ಸದನವು ಘೋಷಿಸಬಹುದೆಂದು 101ನೆಯ ಅನುಚ್ಛೇದವು ಹೇಳುತ್ತದೆ.

ಸೆರೆಯಲ್ಲಿರುವವರಿಗೂ ಪರಾರಿಯಾದವರಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಬಾರಾಮುಲ್ಲಾ ಮತ್ತು ಖಡೂರ್ ಸಾಹಿಬ್ ಕ್ಷೇತ್ರಗಳಿಂದ ಗೆದ್ದ ಇಬ್ಬರು ಸೆರೆಯಲ್ಲಿದ್ದರು. ಅವರನ್ನು ಆ ವರ್ಷದ ಜುಲೈ 5ರಂದು ಕಾವಲಿನಲ್ಲಿ ಕರೆತಂದು ಪ್ರಮಾಣವಚನ ಬೋಧಿಸಲಾಯಿತು. ಸೆರೆಯಾಳು ಎಲ್ಲಿದ್ದಾನೆಂಬುದು ರಾಜ್ಯಕ್ಕೆ ಗೊತ್ತು. ನ್ಯಾಯಾಲಯ ಅನುಮತಿ ನೀಡಿದರೆ ಅವನನ್ನು ಕರೆತರಬಹುದು. ಪರಾರಿಯಾದವನು ತಾನಾಗಿಯೇ ಬರಬೇಕು. ಬಂದ ಕೂಡಲೇ ಅವನು ಪರಾರಿಯಾದವನಾಗಿ ಉಳಿಯುವುದಿಲ್ಲ.

ಇತರ ದೇಶಗಳ ಅನುಭವವೂ ಇದಕ್ಕಿಂತ ಭಿನ್ನವಾಗಿಲ್ಲ. ಪಾಕಿಸ್ತಾನದಲ್ಲಿ ನ್ಯಾಯಾಲಯವು ತಲೆಮರೆಸಿಕೊಂಡವರೆಂದು ಘೋಷಿಸಿದ್ದ ಮಾಜಿ ಹಣಕಾಸು ಸಚಿವ ಇಶಾಕ್ ದಾರ್ ಅವರು 2018ರ ಮಾರ್ಚ್‌ನಲ್ಲಿ, ಲಂಡನ್ನಿನಲ್ಲಿದ್ದುಕೊಂಡೇ, ಅಲ್ಲಿನ ಸೆನೆಟ್ಟಿಗೆ ಚುನಾಯಿತರಾದರು. ಆದರೆ ಅವರು ಪ್ರಮಾಣವಚನ ಸ್ವೀಕರಿಸಿದ್ದು ನಾಲ್ಕು ವರ್ಷಗಳ ಬಳಿಕ, 2022ರ ಸೆಪ್ಟೆಂಬರ್‌ನಲ್ಲಿ, ಸ್ವದೇಶಕ್ಕೆ ಮರಳಿದ ಮೇಲೆ. ಸ್ಪೇನಿನ ಕೆಟಲೋನಿಯ ಪ್ರಾಂತದ ನಾಯಕ ಕಾರ್ಲೆಸ್ ಪುಜ್ಡೆಮಾನ್ ಅವರು ಬೆಲ್ಜಿಯಂನಲ್ಲಿದ್ದುಕೊಂಡು 2017ರ ಡಿಸೆಂಬರ್‌ನಲ್ಲಿ ಪ್ರಾಂತೀಯ ಶಾಸನಸಭೆಗೆ ಆಯ್ಕೆಯಾದರು. ದೂರದಿಂದಲೇ ಅವರನ್ನು ಪ್ರಾಂತದ ಅಧ್ಯಕ್ಷರನ್ನಾಗಿ ಆರಿಸಲು ಯತ್ನ ನಡೆದಾಗ, ಸ್ವತಃ ಹಾಜರಿರದ ವ್ಯಕ್ತಿಯನ್ನು ಆರಿಸಲಾಗದೆಂದು ಸ್ಪೇನಿನ ಸಂವಿಧಾನ ನ್ಯಾಯಾಲಯವು 2018ರ ಜನವರಿಯಲ್ಲಿ ಆದೇಶಿಸಿತು. ಮತಗಳು ಗಡಿಯನ್ನು ದಾಟಿ ಬರಬಲ್ಲವು. ಅಧಿಕಾರಪೀಠ ಗಡಿಯಾಚೆಗೆ ಹೋಗಲಾರದು.

ಮೂರನೆಯ ಪ್ರಶ್ನೆ, ಈಗಾಗಲೇ ಸದಸ್ಯರಾಗಿರುವವರದು. ಇದಕ್ಕೆ ಭಾರತದ ಸಂಸತ್ತಿನ ಇತಿಹಾಸದಲ್ಲಿ ಗಮನಾರ್ಹವಾದ ಘಟನೆಯೊಂದಿದೆ. 1974ರಲ್ಲಿ ರಾಜ್ಯಸಭೆಗೆ ಆಯ್ಕೆಯಾಗಿದ್ದ ಸುಬ್ರಮಣಿಯನ್ ಸ್ವಾಮಿ ಅವರು ತುರ್ತುಪರಿಸ್ಥಿತಿಯ ಕಾಲದಲ್ಲಿ ಬಂಧನವನ್ನು ತಪ್ಪಿಸಿಕೊಂಡು ವಿದೇಶಕ್ಕೆ ಹೋದರು. 1976ರ ಆಗಸ್ಟ್ 10ರಂದು ಅವರು ಅನಿರೀಕ್ಷಿತವಾಗಿ ರಾಜ್ಯಸಭೆಯಲ್ಲಿ ಕಾಣಿಸಿಕೊಂಡು, ಬಂದಂತೆಯೇ ಹೊರಟು, ಮತ್ತೆ ದೇಶದಾಚೆಗೆ ಪಾರಾದರು. ಆ ವರ್ಷದ ನವೆಂಬರ್ 15ರಂದು ರಾಜ್ಯಸಭೆಯು ಅವರನ್ನು ಉಚ್ಚಾಟಿಸಿತು. ಮರುವರ್ಷ ಮುಂಬಯಿಯ ಮತದಾರರು ಅವರನ್ನೇ ಲೋಕಸಭೆಗೆ ಕಳುಹಿಸಿದರು. ಸದನ ಹೊರಹಾಕಿದವರನ್ನು ಜನ ಒಳಗೆ ಕಳುಹಿಸಿದ ಈ ಪ್ರಸಂಗವು, ಉಚ್ಚಾಟನೆಯ ಅಧಿಕಾರವನ್ನು ಎಷ್ಟು ಜಾಗರೂಕತೆಯಿಂದ ಬಳಸಬೇಕೆಂಬುದನ್ನು ತೋರಿಸುತ್ತದೆ. ಆ ಅಧಿಕಾರ ಸಂಸತ್ತಿಗೆ ಇದೆ, ಆದರೆ ಅದು ನ್ಯಾಯಾಲಯದ ಪರಿಶೀಲನೆಗೆ ಹೊರತಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2007ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಮಲ್ಯ ಅವರ ಪ್ರಕರಣವು ಬೇರೊಂದು ಬಗೆಯದು. ಸ್ಟೇಟ್ ಬ್ಯಾಂಕಿನ ನೇತೃತ್ವದ 17 ಬ್ಯಾಂಕುಗಳಿಗೆ ಬರಬೇಕಾಗಿದ್ದ ಬಾಕಿ 9,000 ಕೋಟಿ ರೂಪಾಯಿಗಳನ್ನು ಮೀರಿತ್ತು. ಅವರು ಪ್ರಯಾಣಿಸಿದ್ದು ಸಂಸತ್ ಸದಸ್ಯರಿಗೆ ದೊರೆಯುವ ರಾಜತಾಂತ್ರಿಕ ಪಾಸ್‌ಪೋರ್ಟಿನಲ್ಲಿ. ವಿದೇಶಾಂಗ ಸಚಿವಾಲಯವು 2016ರ ಏಪ್ರಿಲ್‌ನಲ್ಲಿ ಅದನ್ನು ಮೊದಲು ಅಮಾನತಿನಲ್ಲಿಟ್ಟು, ಬಳಿಕ ರದ್ದುಪಡಿಸಿತು. ರಾಜ್ಯಸಭೆಯ ನೀತಿ ಸಮಿತಿಯು ಉಚ್ಚಾಟನೆಯ ನಿಲುವನ್ನು ತಳೆದು ಅವರ ವಿವರಣೆಯನ್ನು ಕೇಳಿತು. ಮೇ ತಿಂಗಳ ಮೊದಲಲ್ಲಿ ಅವರು ರಾಜೀನಾಮೆಯ ಪತ್ರವನ್ನು ಕಳುಹಿಸಿದರು. ಆ ಪತ್ರದಲ್ಲಿ ಸ್ವಹಸ್ತದ ಮೂಲ ಸಹಿ ಇಲ್ಲ, ನಿಗದಿತ ಕ್ರಮದಲ್ಲಿಲ್ಲ ಎಂಬ ಕಾರಣಗಳಿಂದ ಸಭಾಪತಿಯವರು ಅದನ್ನು ಮೊದಲು ತಿರಸ್ಕರಿಸಿದರು. ಸಮಿತಿಯು ಉಚ್ಚಾಟನೆಗೆ ಶಿಫಾರಸು ಮಾಡಿದ ಅದೇ ವಾರದಲ್ಲಿ ರಾಜೀನಾಮೆ ಅಂಗೀಕೃತವಾಗಿ ಅವರ ಸದಸ್ಯತ್ವ ಕೊನೆಗೊಂಡಿತು. ದೂರದಲ್ಲಿದ್ದುಕೊಂಡು ಸ್ಥಾನವನ್ನು ಅನುಭವಿಸುವುದು ಮಾತ್ರವಲ್ಲ, ಅದನ್ನು ಬಿಟ್ಟುಕೊಡುವುದು ಕೂಡ ಸುಲಭವಲ್ಲವೆಂಬುದು ಇದರಿಂದ ವ್ಯಕ್ತವಾಯಿತು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಆ ಎರಡು ತಿಂಗಳ ಅವಧಿಯಲ್ಲಿ ಅವರ ಸದಸ್ಯತ್ವವನ್ನು ಮುಟ್ಟಿದ್ದು ಸದನದ ನೈತಿಕ ಒತ್ತಡವೇ ಹೊರತು ಹೈದರಾಬಾದಿನ ತೀರ್ಪಲ್ಲ. ಪ್ರಜಾ ಪ್ರಾತಿನಿಧ್ಯ ಅಧಿನಿಯಮದ 8ನೆಯ ಪ್ರಕರಣದ ಮೇರೆಗೆ, ಕೆಲವು ನಿರ್ದಿಷ್ಟ ಅಪರಾಧಗಳನ್ನು ಬಿಟ್ಟರೆ, ಅನರ್ಹತೆ ಉಂಟಾಗುವುದು ಅಪರಾಧ ಸಾಬೀತಾಗಿ ಎರಡು ವರ್ಷಗಳಿಗೆ ಕಡಿಮೆಯಿಲ್ಲದ ಸೆರೆವಾಸದ ಶಿಕ್ಷೆ ವಿಧಿಸಲ್ಪಟ್ಟಾಗ ಮಾತ್ರ. ಅಂಥ ಶಿಕ್ಷೆಯಾದರೆ ಹಾಲಿ ಸದಸ್ಯರೂ ಕೂಡಲೇ ಸ್ಥಾನ ಕಳೆದುಕೊಳ್ಳುತ್ತಾರೆಂದು 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿದೆ. ಹೈದರಾಬಾದಿನಲ್ಲಿ ಅಪರಾಧ ನಿರ್ಣಯವಾಯಿತು, ಶಿಕ್ಷೆ ಹೊರಬೀಳಲಿಲ್ಲ. ಶಿಕ್ಷೆಯಿಲ್ಲದೆ ಅನರ್ಹತೆಯ ಪ್ರಶ್ನೆ ಏಳುವುದಿಲ್ಲ. ಆಪಾದಿತರ ಗೈರುಹಾಜರಿಯೇ ಶಿಕ್ಷೆಗೆ ಅಡ್ಡಿಯಾದುದರಿಂದ, ಅದೇ ಗೈರುಹಾಜರಿಯು ಅನರ್ಹತೆಗೂ ಅಡ್ಡಿಯಾಗಿ ನಿಂತಿತು. ಓಡಿಹೋದದ್ದೇ ರಕ್ಷಣೆಯಾಯಿತು. ಕಾನೂನಿನ ನಿಜವಾದ ಬಿರುಕು ಇರುವುದು ಇಲ್ಲಿ.

ನಂತರದ ಬೆಳವಣಿಗೆಗಳು ಈ ಬಿರುಕನ್ನು ಪೂರ್ತಿಯಾಗಿ ಮುಚ್ಚಲಿಲ್ಲ. ಪರಾರಿಯಾದ ಆರ್ಥಿಕ ಅಪರಾಧಿಗಳ ಅಧಿನಿಯಮವು 2018ರಲ್ಲಿ ಜಾರಿಗೆ ಬಂದಿತು. 100 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತದ ಅಪರಾಧಗಳಲ್ಲಿ ವಾರಂಟನ್ನು ತಪ್ಪಿಸಿಕೊಂಡು ಹೊರಗಿರುವವರಿಗೆ ಇದು ಅನ್ವಯಿಸುತ್ತದೆ. ಮುಂಬಯಿಯ ವಿಶೇಷ ನ್ಯಾಯಾಲಯವು 2019ರ ಜನವರಿ 5ರಂದು ಮಲ್ಯ ಅವರನ್ನು ಈ ಕಾನೂನಿನ ಅಡಿಯಲ್ಲಿ ಮೊಟ್ಟಮೊದಲ ಪರಾರಿಯಾದ ಆರ್ಥಿಕ ಅಪರಾಧಿಯೆಂದು ಘೋಷಿಸಿತು. ಇದರಿಂದ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು, ಸಿವಿಲ್ ದಾವೆ ಹೂಡುವ ಅಥವಾ ಎದುರಿಸುವ ಅವಕಾಶವನ್ನು ನ್ಯಾಯಾಲಯಗಳು ನಿರಾಕರಿಸಬಹುದು. ಚುನಾವಣೆಯ ಮಾತು ಅದರಲ್ಲಿಲ್ಲ. 2022ರ ಜುಲೈ 11ರಂದು ಸರ್ವೋಚ್ಚ ನ್ಯಾಯಾಲಯವು ನ್ಯಾಯಾಲಯ ನಿಂದನೆಗಾಗಿ ಅವರಿಗೆ ನಾಲ್ಕು ತಿಂಗಳ ಸೆರೆವಾಸ ಮತ್ತು 2,000 ರೂಪಾಯಿ ದಂಡವನ್ನು ವಿಧಿಸಿತು. ನಾಲ್ಕು ತಿಂಗಳು ಎರಡು ವರ್ಷವಲ್ಲ. ಅವರನ್ನು ಹಸ್ತಾಂತರಿಸಬಹುದೆಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನ್ಯಾಯಾಲಯವು 2018ರ ಡಿಸೆಂಬರ್ 10ರಂದು ತೀರ್ಮಾನಿಸಿ, ಅಲ್ಲಿನ ಉಚ್ಚ ನ್ಯಾಯಾಲಯವು 2020ರ ಏಪ್ರಿಲ್‌ನಲ್ಲಿ ಮೇಲ್ಮನವಿಯನ್ನು ವಜಾಗೊಳಿಸಿದರೂ, ಬ್ಯಾಂಕ್ ಪ್ರಕರಣಗಳ ವಿಚಾರಣೆಗೆ ಅವರು ಭಾರತಕ್ಕೆ ಮರಳಿಲ್ಲ. ತಮ್ಮ ಮೇಲಿನ ವಂಚನೆಯ ಆರೋಪಗಳನ್ನು ಅವರು ಅಲ್ಲಗಳೆಯುತ್ತಲೇ ಬಂದಿದ್ದಾರೆ ಎಂಬುದನ್ನೂ ಹೇಳುವುದು ನ್ಯಾಯ.

ಮರಳಿ ಬಂದಾಗ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ್ದೇ ಆದ ಇನ್ನೊಂದು ಪ್ರಕರಣವಿದೆ. ಹಾಸನ ಲೋಕಸಭಾ ಕ್ಷೇತ್ರದ ಸದಸ್ಯರೂ ಅಭ್ಯರ್ಥಿಯೂ ಆಗಿದ್ದ ಪ್ರಜ್ವಲ್ ರೇವಣ್ಣ ಅವರು 2024ರ ಏಪ್ರಿಲ್ 26ರಂದು ಮತದಾನ ಮುಗಿದ ಬೆನ್ನಲ್ಲೇ ಜರ್ಮನಿಗೆ ತೆರಳಿದರು. ಲೈಂಗಿಕ ದೌರ್ಜನ್ಯದ ಆರೋಪಗಳ ಮೇಲೆ ಬೆಂಗಳೂರಿನ ನ್ಯಾಯಾಲಯದಿಂದ ವಾರಂಟ್ ಹೊರಟಿತು. ಅವರು ದೇಶದ ಹೊರಗಿದ್ದರೂ ಅವರ ಉಮೇದುವಾರಿಕೆ ಸಿಂಧುವಾಗಿಯೇ ಇತ್ತು, ಅವರಿಗೆ ಬಿದ್ದ ಮತಗಳು ಎಣಿಕೆಗೆ ಅರ್ಹವಾಗಿಯೇ ಇದ್ದವು. ಮೇ 31ರಂದು ಹಿಂದಿರುಗಿದಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ಜೂನ್ 4ರ ಎಣಿಕೆಯಲ್ಲಿ ಸೋತರು. ಮುಂದಿನ ಹದಿನಾಲ್ಕು ತಿಂಗಳುಗಳಲ್ಲಿ ಒಂದು ಪ್ರಕರಣದ ವಿಚಾರಣೆ ಮುಗಿದು, 2025ರ ಆಗಸ್ಟ್ 2ರಂದು ವಿಶೇಷ ನ್ಯಾಯಾಲಯವು ಅತ್ಯಾಚಾರದ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಅದರ ವಿರುದ್ಧ ಅವರು ಮೇಲ್ಮನವಿಯನ್ನು ಸಲ್ಲಿಸಿದ್ದಾರೆ. ಇಲ್ಲಿ ತೂಗಬೇಕಾದುದು ಎರಡು ಪ್ರಕರಣಗಳ ಅಪರಾಧಗಳನ್ನಲ್ಲ, ಅವು ಬೇರೆ ಬೇರೆ. ಆಪಾದಿತರು ಹಾಜರಿದ್ದಾಗ ನ್ಯಾಯಾಲಯ ತನ್ನ ಕೆಲಸವನ್ನು ಕೊನೆಮುಟ್ಟಿಸಬಲ್ಲದು, ಇಲ್ಲದಿದ್ದಾಗ ಅರ್ಧದಲ್ಲಿ ನಿಲ್ಲಬೇಕಾಗುತ್ತದೆ ಎಂಬುದೇ ಗಮನಿಸಬೇಕಾದ ಅಂಶ.

ಈ ದಿಸೆಯಲ್ಲಿ ಒಂದು ಹೊಸ ವ್ಯವಸ್ಥೆ ರೂಪುಗೊಂಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 356ನೆಯ ಪ್ರಕರಣವು, ಘೋಷಿತ ಅಪರಾಧಿಯೊಬ್ಬನು ವಿಚಾರಣೆಯನ್ನು ತಪ್ಪಿಸಿಕೊಳ್ಳಲು ತಲೆಮರೆಸಿಕೊಂಡಿದ್ದು, ಅವನನ್ನು ಬಂಧಿಸುವ ಸಂಭವ ಸದ್ಯಕ್ಕಿಲ್ಲದಿದ್ದಲ್ಲಿ, ಅವನ ಗೈರುಹಾಜರಿಯಲ್ಲಿಯೇ ವಿಚಾರಣೆ ನಡೆಸಿ ತೀರ್ಪು ನೀಡಲು ನ್ಯಾಯಾಲಯಕ್ಕೆ ಅಧಿಕಾರ ಕೊಡುತ್ತದೆ. ಆರೋಪ ನಿಗದಿಯಾಗಿ 90 ದಿನಗಳು ಕಳೆಯಬೇಕು, ಪ್ರಕಟಣೆಗಳು ಹೊರಡಬೇಕು, ಅವನ ಪರವಾಗಿ ವಕೀಲರಿಲ್ಲದಿದ್ದರೆ ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಒದಗಿಸಬೇಕು. ಗಂಭೀರ ಅಪರಾಧಗಳಿಗೆ ಮಾತ್ರ ಈ ಕ್ರಮ ಅನ್ವಯಿಸುತ್ತದೆ. ಚೆಕ್ಕಿನಂಥ ಪ್ರಕರಣಗಳು ಇದರ ವ್ಯಾಪ್ತಿಗೆ ಬರಲಾರವು. ಆದರೂ, ಓಡಿಹೋದವನಿಗೆ ಶಿಕ್ಷೆಯಾಗಲಾರದು, ಆದ್ದರಿಂದ ಅನರ್ಹತೆಯೂ ಬರಲಾರದು ಎಂಬ ಹಳೆಯ ಲೆಕ್ಕಾಚಾರ ಇನ್ನು ಮುಂದೆ ಎಲ್ಲ ಕಡೆಯೂ ನಡೆಯುವುದಿಲ್ಲ.

ಮೂರು ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ತತ್ತ್ವ ಕಾಣುತ್ತದೆ. ಆರೋಪಕ್ಕೆ ಗುರಿಯಾಗಿ ದೂರದಲ್ಲಿರುವವರಿಗೂ ಜನರ ಮುಂದೆ ತಮ್ಮ ಹೆಸರನ್ನಿಡುವ ಹಕ್ಕನ್ನು ಸಂವಿಧಾನವು ಕಸಿದುಕೊಳ್ಳುವುದಿಲ್ಲ. ಏಕೆಂದರೆ ಇಂದಿನ ಪರಾರಿ ನಾಳಿನ ನಿರಪರಾಧಿಯಾಗಿರಬಹುದು. ಆದರೆ ಪದವಿಯನ್ನು ದೂರದಿಂದ ನಡೆಸುವ ಹಕ್ಕನ್ನು ಅದು ಯಾರಿಗೂ ಕೊಡುವುದಿಲ್ಲ. ಪ್ರತಿನಿಧಿ ಎಂದರೆ ಜನರ ಪರವಾಗಿ ಹಾಜರಿರುವವನು. ತನ್ನ ಮೇಲಿನ ಪ್ರಶ್ನೆಗಳಿಗೆ ಉತ್ತರ ಕೊಡಲು ನ್ಯಾಯಾಲಯದಲ್ಲಿ ನಿಲ್ಲದವನು, ಜನರ ಪರವಾಗಿ ಪ್ರಶ್ನೆ ಕೇಳಲು ಸದನದಲ್ಲಿ ನಿಲ್ಲಲಾರ.

ಕಾನೂನು ಬಿಟ್ಟ ಜಾಗವನ್ನು ತುಂಬಬೇಕಾದವರು ಇಬ್ಬರು. ಅಭ್ಯರ್ಥಿಗಳನ್ನು ಆರಿಸುವ ಪಕ್ಷಗಳು ಒಬ್ಬರು, ಮತ ನೀಡುವವರು ಇನ್ನೊಬ್ಬರು. ರಾಜ್ಯಸಭೆಯ ಚುನಾವಣೆಯಲ್ಲಿ ಮತದಾರರು ಶಾಸಕರೇ ಆದುದರಿಂದ, ಅಲ್ಲಿ ಹೊಣೆ ಇನ್ನೂ ಹೆಚ್ಚಿನದು. ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಚುನಾವಣಾ ಆಯೋಗವು ಸಾರ್ವಜನಿಕರ ಅವಗಾಹನೆಗೆ ಪ್ರಕಟಿಸುತ್ತದೆ. ಯಾವ ನ್ಯಾಯಾಲಯದಲ್ಲಿ ಯಾವ ಪ್ರಕರಣ ಬಾಕಿಯಿದೆ ಎಂಬುದು ಅದರಲ್ಲಿ ಬರೆದಿರುತ್ತದೆ. ಮತಗಟ್ಟೆಗೆ ಹೋಗುವ ಮುನ್ನ ಅದನ್ನು ಒಮ್ಮೆ ಓದುವುದು ಪ್ರತಿಯೊಬ್ಬ ಮತದಾರನ ಕರ್ತವ್ಯ.